ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು

ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯಲ್ಲಿ ನಮ್ಮ ಅಣ್ಣ ಅತ್ತಿಗೆ ರೇಷ್ಮೆ ಹುಳು ಸಾಕುತ್ತಾರೆ. ಹೋದ ಸಲ ಊರಿಗೆ ಹೋದಾಗ ಅತ್ತಿಗೆಗೆ ಒಂಚೂರು ಸಹಾಯ ಆಗಲಿ ಅಂತ ಹುಳು ಮನೆಗೆ ನುಗ್ಗಿ ಸೊಪ್ಪಿನ ಹೊರೆ ಬಿಚ್ಚಿದೆ. ಅತ್ತಿಗೆ ಬಾಗಿಲಿಂದಲೇ ಕೂಗಿದರು: "ಅಯ್ಯೋ, ಹಾಕ್ಬೇಡ ಕಣೇ! ಜ್ವರಕ್ಕೆ ಕೂತಿವೆ."

ನೋಡಿದರೆ ಹೌದು. ಹುಳುಗಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಮೇಲೆ ಸುಣ್ಣದ ಪುಡಿ ಉದುರಿಸಿದ್ದರು. ಹುಳು ಸಾಕುವವರ ಬಾಯಲ್ಲಿ ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವ ಹೊತ್ತು. ಮೊಟ್ಟೆ ಒಡೆದು ಬಂದ ಹುಳು ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಸಲ ಹೀಗೆ ಕೂರುತ್ತದೆ. ಒಂದೊಂದು ಸಲವೂ ಹೆಚ್ಚುಕಮ್ಮಿ ಒಂದು ದಿನ. ಆಗ ಏನೂ ತಿನ್ನುವುದಿಲ್ಲ. ತಿನ್ನದೆ ಇದ್ದಾಗ ಸೊಪ್ಪು ಸುರಿದರೆ ಹಾಸಿಗೆ ತೇವವಾಗುತ್ತದೆ. ಮೊದಲು ಎದ್ದ ಹುಳು ತಿಂದು ಮುಂದೆ ಹೋಗುತ್ತದೆ, ತಡವಾಗಿ ಎದ್ದದ್ದು ಹಿಂದೆ ಬೀಳುತ್ತದೆ. ಬೆಳೆ ಏರುಪೇರಾಗುತ್ತದೆ. ಅದೇ ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು! ಹುಳು ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಆ ಕೊನೆಯ ಒಂದು ವಾರದಲ್ಲೇ ಖಾಲಿ.

ಇಷ್ಟನ್ನು ನನಗೆ ಬಿಡಿಸಿ ಹೇಳಿದ ಅತ್ತಿಗೆ ಅವತ್ತು ಬೆಳಗ್ಗೆ ಐದಕ್ಕೆ ಎದ್ದವರು. ಸೊಪ್ಪು ಕೊಯ್ದು, ಹುಳು ಮನೆ ನೋಡಿ, ತಿಂಡಿ ಮಾಡಿ, ಪಕ್ಕದೂರಿನ ಶಾಲೆಗೆ ಹೋಗಿ ಪಾಠ ಮಾಡಿ ಬಂದಿದ್ದರು. ರಾತ್ರಿ ಒಂಬತ್ತಾದರೂ ಕೂತಿರಲಿಲ್ಲ.

"ಹುಳಕ್ಕೆ ಇರೋ ರಜೆ ನಿಮಗಿಲ್ವಲ್ಲ ಅತ್ತಿಗೆ" ಅಂದೆ.

"ಹುಳ ಸತ್ತರೆ ಲಾಸ್ ಕಣೇ" ಅಂತ ನಕ್ಕರು.

ನನ್ನ ಕಥೆಯೂ ಬೇರೆಯಲ್ಲ ಬಿಡಿ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ದಿನಾ ಅಪ್ ಅಂಡ್ ಡೌನ್. ದೂರ ಅರವತ್ತು ಕಿಲೋಮೀಟರಿನ ಆಸುಪಾಸು, ಆದರೆ ಹೆಬ್ಬಾಳ ದಾಟುವುದರಲ್ಲೇ ಅರ್ಧ ಆಯಸ್ಸು ಮುಗಿಯುತ್ತದೆ. ತುಮಕೂರಿನಿಂದ, ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿಯುವವರನ್ನು ಕೇಳಿ, ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗೆ ಶಿಫ್ಟ್ ಮೇಲೆ ಹೋಗುವವರನ್ನು ಕೇಳಿ, ಎಲ್ಲರ ಬಾಯಲ್ಲೂ ಒಂದೇ ಮಾತು: "ಒಂದೇ ಟೆನ್ಶನ್ನು." ಈ ಟೆನ್ಶನ್ ಮೈಯೊಳಗೆ ಏನು ಮಾಡುತ್ತದೆ? ಕೆಲಸ ಮತ್ತು ಮನೆ ಎರಡೂ ಇದ್ದವರಿಗೆ ಅದು ಯಾಕೆ ಜಾಸ್ತಿ? ಅದರಿಂದ ಚೇತರಿಸಿಕೊಳ್ಳುವುದು ಅಂದರೆ ಏನು? ಈ ಬಗ್ಗೆ ನೂರು ವರ್ಷದಿಂದ ಸಂಶೋಧನೆ ನಡೆದಿದೆ. ಅದರಲ್ಲಿ ನಮ್ಮ ಕೈಗೆ ಬೇಕಾದಷ್ಟನ್ನು ನೋಡೋಣ.

ಹಾವಿಗೂ ಫೋನಿಗೂ ಒಂದೇ ಉತ್ತರ

ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುವಾಗ ಕಾಲ ಹತ್ತಿರ ನಾಗರಹಾವು ಹೆಡೆ ಎತ್ತಿತು ಅಂದುಕೊಳ್ಳಿ. ಯೋಚನೆ ಮಾಡುವ ಮೊದಲೇ ಮೈ ತಯಾರಾಗಿರುತ್ತದೆ. ಮೂತ್ರಪಿಂಡದ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈಕಾಲಿಗೆ ರಕ್ತ ನುಗ್ಗುತ್ತದೆ, ಹೊಟ್ಟೆಯ ಕೆಲಸ ನಿಲ್ಲುತ್ತದೆ. ಹೊಡೆದಾಡು, ಇಲ್ಲಾ ಓಡು. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರ ಹೊತ್ತಿಗೇ ಇದನ್ನು ಬಿಡಿಸಿ ಬರೆದಿದ್ದರು. ಅಡ್ರಿನಲಿನ್ ಹಿಂದೆಯೇ ಕೆಲವು ನಿಮಿಷದಲ್ಲಿ ಕಾರ್ಟಿಸಾಲ್ ಅನ್ನುವ ಇನ್ನೊಂದು ಹಾರ್ಮೋನು ಏರುತ್ತದೆ. ಲಿವರ್‌ನಿಂದ ಸಕ್ಕರೆ ಬಿಡಿಸಿ ರಕ್ತಕ್ಕೆ ಕೊಡುವುದು ಅದರ ಕೆಲಸ, ಓಡುವುದಕ್ಕೆ ಬಲ ಬೇಕಲ್ಲ.

ಈಗ ನನ್ನ ಬಸ್ಸಿಗೆ ಬನ್ನಿ. ದೇವನಹಳ್ಳಿ ದಾಟಿದೆ. ಸ್ಕೂಲಿಂದ ಫೋನ್: "ಮಗಳಿಗೆ ಜ್ವರ, ಬಂದು ಕರ್ಕೊಂಡು ಹೋಗಿ." ಹತ್ತು ಗಂಟೆಗೆ ಆಫೀಸಿನಲ್ಲಿ ಮೀಟಿಂಗು. ಎದುರಿಗೆ ಹಾವಿಲ್ಲ, ಹೊಡೆಯಲು ಯಾರೂ ಇಲ್ಲ, ಓಡಲು ಬಸ್ಸಿನ ಬಾಗಿಲು ಮುಚ್ಚಿದೆ. ಆದರೂ ಮೈ ಕೊಡುವ ಉತ್ತರ ಅದೇ. ಅದಕ್ಕೆ ಗೊತ್ತಿರುವುದು ಅದೊಂದೇ ಪಾಠ.

ಇಷ್ಟರಿಂದ ಯಾರಿಗೂ ಏನೂ ಆಗುವುದಿಲ್ಲ. ಓವರ್‌ಹೆಡ್ ಟ್ಯಾಂಕಿನಲ್ಲಿ ಬಾಲ್ ವಾಲ್ವ್ ಇರುತ್ತಲ್ಲ, ನೀರು ತುಂಬಿದ ಕೂಡಲೇ ಬಾಲ್ ಮೇಲೇರಿ ಪೈಪು ಮುಚ್ಚುತ್ತದೆ. ಕಾರ್ಟಿಸಾಲ್‌ಗೂ ಅಂಥದ್ದೇ ಏರ್ಪಾಟಿದೆ. ರಕ್ತದಲ್ಲಿ ಸಾಕಷ್ಟು ಏರಿದ್ದು ಗೊತ್ತಾದ ತಕ್ಷಣ ಮೆದುಳು "ಸಾಕು" ಅನ್ನುತ್ತದೆ. ಹಾವು ಪೊದೆಗೆ ಹೋಯಿತು, ಒಂದು ಗಂಟೆಯಲ್ಲಿ ನೀವು ಮಾಮೂಲಿ.

ಆದರೆ ಇಎಂಐ ಪೊದೆಗೆ ಹೋಗುವುದಿಲ್ಲ. ಅತ್ತೆಯ ಮಂಡಿ ನೋವು, ಮಗಳ ಪರೀಕ್ಷೆ, ಮ್ಯಾನೇಜರ್ ರಾತ್ರಿ ಹತ್ತಕ್ಕೆ ಕಳಿಸುವ ಮೆಸೇಜು, ಒಂದು ಇಳಿಯುವಷ್ಟರಲ್ಲಿ ಇನ್ನೊಂದು. ವಾಲ್ವ್ ಮುಚ್ಚಲು ಬಿಡುವೇ ಸಿಗುವುದಿಲ್ಲ. ಮೆದುಳಿನ ವಿಜ್ಞಾನಿ ಬ್ರೂಸ್ ಮೆಕ್‌ಇವನ್ ಮತ್ತು ಅವರ ಜೊತೆಗಾರರು 1993ರಲ್ಲಿ ಇದಕ್ಕೆ 'ಅಲೊಸ್ಟಾಟಿಕ್ ಲೋಡ್' ಅಂತ ಹೆಸರಿಟ್ಟರು. ನಮ್ಮ ಮಾತಲ್ಲಿ ಸವೆತ. ಮತ್ತೆ ಮತ್ತೆ ತಯಾರಾಗಿ, ಇಳಿಯದೇ ಇದ್ದು, ಮೈ ತೆರುವ ಬಾಡಿಗೆ. ಬಿಪಿ, ಸಕ್ಕರೆ, ಹೊಟ್ಟೆಯ ಸುತ್ತ ಬೊಜ್ಜು, ನಿದ್ದೆಗೇಡು, ಮರೆವು, ಎಲ್ಲದರಲ್ಲೂ ಇದರ ಪಾಲಿದೆ.

ಇನ್ನೊಂದು ವಿಷಯ ನನಗೆ ತುಂಬಾ ತಟ್ಟಿದ್ದು. ಹ್ಯಾನ್ಸ್ ಸೆಲ್ಯೆ ಅನ್ನುವ ವಿಜ್ಞಾನಿ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗದ ಬಗ್ಗೆ ಚಿಕ್ಕದೊಂದು ಬರಹ ಪ್ರಕಟಿಸಿದರು. ಚಳಿ, ಗಾಯ, ಅತಿ ದುಡಿಮೆ, ಯಾವುದೇ ಕಷ್ಟ ಕೊಟ್ಟರೂ ಇಲಿಯ ಮೈ ಮೂರು ಹಂತ ದಾಟುತ್ತದೆ: ಮೊದಲು ಗಾಬರಿ, ಆಮೇಲೆ ತಡೆದುಕೊಳ್ಳುವುದು, ಕೊನೆಗೆ ಸೋತು ಕುಸಿಯುವುದು. ಮೋಸ ಇರುವುದು ನಡುವಿನ ಹಂತದಲ್ಲಿ. ಆಗ ಎಲ್ಲ ಸರಿಯಾಗೇ ಕಾಣುತ್ತದೆ. "ನಂಗೇನಾಗಿದೆ, ಚೆನ್ನಾಗೇ ಇದ್ದೀನಿ" ಅನ್ನುತ್ತಾ ತಿಂಗಳುಗಟ್ಟಲೆ ದುಡಿಯುತ್ತೇವೆ. ಹಬ್ಬಕ್ಕೆ ನಾಲ್ಕು ದಿನ ರಜ ಹಾಕಿದ ಕೂಡಲೇ ಮಲಗಿಬಿಡುತ್ತೇವೆ. ನಿಮಗೂ ಆಗಿರಬೇಕು, ಅಲ್ವಾ?

ಮನೆ ಮತ್ತು ಕೆಲಸ ಎಲ್ಲಿ ಡಿಕ್ಕಿ ಹೊಡೆಯುತ್ತವೆ

"ಟೈಮ್ ಸಾಲಲ್ಲ" ಅನ್ನುವುದು ನಮ್ಮ ಮಾಮೂಲಿ ಗೊಣಗಾಟ. 1985ರಲ್ಲಿ ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ ಅನ್ನುವ ಇಬ್ಬರು ಸಂಶೋಧಕರು ಈ ಡಿಕ್ಕಿ ಮೂರು ಥರ ಅಂದರು. ಹೊತ್ತಿನ ಡಿಕ್ಕಿ ಮೊದಲನೆಯದು. ಪೇರೆಂಟ್ಸ್ ಮೀಟಿಂಗ್ ದಿನವೇ ಆಡಿಟ್ ಬರುವುದು. ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯದು ಸುಸ್ತಿನದು. ಒಂದು ಕಡೆಯ ಬಿಸಿ ಇನ್ನೊಂದು ಕಡೆಗೆ ಹರಿಯುವುದು. ಹೊತ್ತು ಕೈಯಲ್ಲಿದ್ದರೂ ಇದು ಆಗುತ್ತದೆ. ಒಂದು ಸಂಜೆ ನಾನು ಅಪರೂಪಕ್ಕೆ ಏಳಕ್ಕೇ ಮನೆಯಲ್ಲಿದ್ದೆ. ಆಫೀಸಿನಲ್ಲಿ ಬೇರೆಯವರ ತಪ್ಪಿಗೆ ನಾನು ಮಾತು ಕೇಳಿ ಬಂದಿದ್ದೆ. ಹಾಲು ಒಲೆ ಮೇಲಿಟ್ಟು ಮನಸ್ಸಿನಲ್ಲೇ ಮ್ಯಾನೇಜರಿಗೆ ಉತ್ತರ ಕೊಡುತ್ತಿದ್ದೆ. ಹಾಲು ಉಕ್ಕಿತು. ಅದೇ ಹೊತ್ತಿಗೆ ಮಗಳು ಬಂದು "ಅಮ್ಮ, ರಬ್ಬರ್ ಕಳೆದೋಯ್ತು" ಅಂದಳು. ಐದು ರೂಪಾಯಿಯ ರಬ್ಬರಿಗೆ ನಾನು ಕೂಗಾಡಿದ್ದು ಪಕ್ಕದ ಮನೆಗೂ ಕೇಳಿಸಿತು. ಮಗು ಏನೂ ಹೇಳದೆ ಒಲೆ ಕೆಳಗಿನ ಹಾಲು ಒರೆಸಲು ಬಟ್ಟೆ ತಂದಿತು. ಆ ಬಟ್ಟೆ ನೋಡಿ ನಾಚಿಕೆಯಾಯಿತು.

ಮೂರನೆಯದು ನಡವಳಿಕೆಯದು, ಯಾರೂ ಗಮನಿಸದ್ದು. ಕೆಲಸದಲ್ಲಿ ಬೇಕಾದ ಗುಣ ಮನೆಯಲ್ಲಿ ಮುಳ್ಳಾಗುತ್ತದೆ. ಅತ್ತಿಗೆ ಶಾಲೆಯಿಂದ ಬಂದು ಅಣ್ಣನಿಗೂ "ಒಂದು ಸಲ ಹೇಳಿದ್ರೆ ಅರ್ಥ ಆಗಲ್ವಾ?" ಅನ್ನುತ್ತಾರೆ. ಪೊಲೀಸಿನವರ, ಕಂಡಕ್ಟರುಗಳ, ಸೂಪರ್‌ವೈಸರುಗಳ ಮನೆಯವರನ್ನು ಕೇಳಿ, ಕಥೆ ಕಥೆ ಸಿಗುತ್ತದೆ.

ಹೊತ್ತು ಹೊಂದಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ಉಪದೇಶ ಯಾಕೆ ಅರ್ಧಂಬರ್ಧ ಅಂತ ಈಗ ಗೊತ್ತಾಯಿತಲ್ಲ. ಅದು ಮೊದಲನೆಯ ಡಿಕ್ಕಿಗೆ ಮಾತ್ರ ಮದ್ದು.

ಹೊತ್ತಿನ ಲೆಕ್ಕವಾದರೂ ಸಮವಾಗಿದೆಯಾ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆ ಕೊಡುವ ಹೊತ್ತು ಸರಾಸರಿ 289 ನಿಮಿಷ. ಮನೆಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಇದು ಕೈಕಾಲಿನ ಕೆಲಸದ ಲೆಕ್ಕ. ತಲೆಯೊಳಗಿನ ಕೆಲಸ ಬೇರೆ ಇದೆ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಜರ್ 35 ಜೋಡಿಗಳನ್ನು ಮಾತಾಡಿಸಿ 2019ರಲ್ಲಿ ಈ ತಲೆಯ ಕೆಲಸವನ್ನು ನಾಲ್ಕಾಗಿ ಒಡೆದು ತೋರಿಸಿದರು: ಏನು ಬೇಕಾಗುತ್ತೆ ಅಂತ ಮುಂಚೆಯೇ ಕಾಣುವುದು, ದಾರಿ ಹುಡುಕುವುದು, ತೀರ್ಮಾನ ಮಾಡುವುದು, ಆಯಿತಾ ಇಲ್ಲವಾ ಅಂತ ನೋಡುತ್ತಿರುವುದು. ತೀರ್ಮಾನಕ್ಕೆ ಗಂಡಂದಿರು ಸೇರುತ್ತಾರೆ. ಮೊದಲನೆಯದೂ ಕೊನೆಯದೂ ಜಾಸ್ತಿ ಹೆಂಡತಿಯ ತಲೆ ಮೇಲೆ. ಇದನ್ನು ಓದಿದಾಗ ನಮ್ಮನೆಯವರ ಒಂದು ಮಾತು ನೆನಪಾಯಿತು. "ಏನು ಬೇಕು ಹೇಳು, ತಂದುಕೊಡ್ತೀನಿ." ಒಳ್ಳೆಯ ಮಾತೇ. ಆದರೆ ರಾಗಿ ಹಿಟ್ಟು ಮುಗಿಯುತ್ತಿದೆ, ಮಿಲ್ಲಿಗೆ ಹಾಕಿಸಬೇಕು, ಗುರುವಾರ ಕರೆಂಟು ಇರಲ್ಲ, ಆದ್ದರಿಂದ ಬುಧವಾರವೇ ಕಳಿಸಬೇಕು ಅನ್ನುವುದು "ಹೇಳು" ಅನ್ನುವ ಮೊದಲೇ ಯಾರೋ ಒಬ್ಬರ ತಲೆಯಲ್ಲಿ ತಿರುಗಿರಬೇಕು. ಆ ಗಿರಣಿಗೆ ಭಾನುವಾರವೂ ರಜೆಯಿಲ್ಲ.

ಸಾಹೇಬರಿಗಿಂತ ಅಟೆಂಡರಿಗೆ ಜಾಸ್ತಿ

ದೊಡ್ಡ ಕುರ್ಚಿಗೆ ದೊಡ್ಡ ಟೆನ್ಶನ್ ಅಂತ ನಾವು ನಂಬಿದ್ದೇವೆ. ಲಂಡನ್ನಿನ ಸರ್ಕಾರಿ ನೌಕರರನ್ನು 1967ರಿಂದ ವರ್ಷಗಟ್ಟಲೆ ಹಿಂಬಾಲಿಸಿದ 'ವೈಟ್‌ಹಾಲ್' ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಹೃದಯದ ಕಾಯಿಲೆಯಿಂದ ಸತ್ತವರ ಪ್ರಮಾಣ ಅತಿ ಮೇಲಿನ ದರ್ಜೆಗಿಂತ ಅತಿ ಕೆಳಗಿನ ದರ್ಜೆಯಲ್ಲಿ ಹತ್ತಿರಹತ್ತಿರ ಮೂರು ಪಟ್ಟು. ಸಿಗರೇಟು, ಬಿಪಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡರೂ ಅಂತರ ಪೂರ್ತಿ ಹೋಗಲಿಲ್ಲ. 1985ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲಿ ಒಂದು ಕಾರಣ ಎದ್ದು ಕಂಡಿತು. ತನ್ನ ಕೆಲಸದ ಮೇಲೆ ತನಗೆ ಎಷ್ಟು ಹಿಡಿತ ಇದೆ ಅನ್ನುವುದು. ಕೆಲಸದ ಒತ್ತಡದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ಇದನ್ನು ಹೇಳಿದ್ದರು. ಕೆಲಸ ಜಾಸ್ತಿ ಇದ್ದು ಹಿಡಿತವೂ ಇದ್ದರೆ ಮನುಷ್ಯ ಕಲಿಯುತ್ತಾನೆ, ಬೆಳೆಯುತ್ತಾನೆ. ಕೆಲಸ ಜಾಸ್ತಿ, ಹಿಡಿತ ಇಲ್ಲ ಅಂದರೆ ಸವೆಯುತ್ತಾನೆ.

ಗೌರಿಬಿದನೂರು ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಣ್ಣುಮಗಳನ್ನು ಯೋಚಿಸಿ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ಮನೆಯಿಂದ ಫೋನ್ ಬಂದರೆ ಎತ್ತುವ ಹಾಗಿಲ್ಲ, ಬಾತ್‌ರೂಮಿಗೆ ಹೋದರೂ ಲೈನಿನಲ್ಲಿ ಪೀಸ್ ರಾಶಿ ಬೀಳುತ್ತದೆ. ಅದೇ ಅತ್ತಿಗೆಯ ಹುಳು ಮನೆಯಲ್ಲಿ ದುಡಿಮೆ ಏನು ಕಮ್ಮಿಯಲ್ಲ. ಆದರೆ ಯಾವಾಗ ಸೊಪ್ಪು, ಯಾವಾಗ ಬೇಡ, ಹರಾಜಿನಲ್ಲಿ ಆ ರೇಟಿಗೆ ಗೂಡು ಕೊಡೋದಾ ಬೇಡವಾ, ಅವರೇ ತೀರ್ಮಾನಿಸುತ್ತಾರೆ. ಮಾರ್ಕೆಟ್ಟಿನ ರೇಟು ಮಾತ್ರ ಅವರ ಕೈಯಲ್ಲಿಲ್ಲ, ಅವರು ರಾತ್ರಿ ಎದ್ದು ಕೂರುವುದೂ ಅದಕ್ಕೇ.

ರಾತ್ರಿ ಪಾಳಿ ಬಗ್ಗೆ ಒಂದು ಮಾತು. ಕಾರ್ಟಿಸಾಲ್ ಬೆಳಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ತುದಿಗೇರಿ, ನಡುರಾತ್ರಿ ಹೊತ್ತಿಗೆ ತಳ ಕಾಣುವುದು ಲೆಕ್ಕ. ವಾರ ವಾರ ಶಿಫ್ಟ್ ಬದಲಾದರೆ ಮೈಗೆ ಯಾವುದು ಬೆಳಗ್ಗೆ ಯಾವುದು ರಾತ್ರಿ ಅಂತಲೇ ತಿಳಿಯುವುದಿಲ್ಲ. ಅಂಥವರು ಮನೆಯಲ್ಲಿ ಸಿಡುಕಿದರೆ ಬರೀ ಸ್ವಭಾವ ಅಂದುಕೊಳ್ಳಬೇಡಿ.

ತಾಳುವುದು ಬೇರೆ, ಚೇತರಿಸಿಕೊಳ್ಳುವುದು ಬೇರೆ

'ತಾಳಿದವನು ಬಾಳಿಯಾನು' ಅನ್ನುತ್ತೇವೆ. ಹೆಣ್ಣುಮಕ್ಕಳಿಗಂತೂ ಈ ಗಾದೆಯನ್ನು ತವರಿಂದ ಕಳಿಸುವಾಗ ಮಡಿಲಕ್ಕಿ ಜೊತೆಗೇ ಕಟ್ಟಿಕೊಡುತ್ತಾರೆ. ಗಾದೆ ಮೇಲೆ ನನಗೆ ಕೋಪವಿಲ್ಲ, ಅದನ್ನು ಬಳಸುವ ರೀತಿ ಮೇಲಿದೆ. ತಾಳುವುದು ಅಂದರೆ ಸೆಲ್ಯೆ ಹೇಳಿದ ಎರಡನೇ ಹಂತದಲ್ಲೇ ಉಳಿಯುವುದು. ಮನಶ್ಶಾಸ್ತ್ರದವರು ರೆಸಿಲಿಯನ್ಸ್ ಅನ್ನುವುದು ಬೇರೆ. ಬಾಗಿದ ಮೇಲೆ ಮತ್ತೆ ನೆಟ್ಟಗಾಗುವುದು.

ಇದು ಹುಟ್ಟಿನಿಂದ ಬರುವ ಗಟ್ಟಿತನ ಅಂತ ಮೊದಲು ಅಂದುಕೊಂಡಿದ್ದರು. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ ಸುಮಾರು 700 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮಿ ವರ್ನರ್ ಮತ್ತು ಜೊತೆಗಾರರು ದಶಕಗಳ ಕಾಲ ಗಮನಿಸಿದರು. ಬಡತನ, ಕುಡಿತ, ಜಗಳ ತುಂಬಿದ ಮನೆಗಳಲ್ಲಿ ಬೆಳೆದವರಲ್ಲೂ ಮೂವರಲ್ಲಿ ಒಬ್ಬರು ಚೆನ್ನಾಗೇ ಬಾಳಿದರು. ಯಾಕೆ? ಮಗುವಿನ ಸ್ವಭಾವದ ಪಾಲೂ ಇತ್ತು. ಆದರೆ ಮತ್ತೆ ಮತ್ತೆ ಕಂಡದ್ದು ಇಷ್ಟು: ಅಂಥ ಮಗುವಿಗೆ ನಂಬಬಹುದಾದ ಒಬ್ಬ ದೊಡ್ಡವರಾದರೂ ಇದ್ದರು. ಅಜ್ಜಿ, ಟೀಚರ್, ಪಕ್ಕದ ಮನೆಯವರು, ಯಾರೋ ಒಬ್ಬರು. ದೊಡ್ಡವರ ವಿಷಯದಲ್ಲೂ ನನಗೆ ಕಾಣುವುದು ಇದೇ. ಸ್ಕೂಲಿಂದ ಫೋನ್ ಬಂದ ದಿನ ನನ್ನನ್ನು ಉಳಿಸಿದ್ದು ಧೈರ್ಯವಲ್ಲ, ಎದುರು ಮನೆಯ ಆಂಟಿ. "ನೀನು ಹೋಗಮ್ಮ, ನಾನು ಕರ್ಕೊಂಡು ಬರ್ತೀನಿ" ಅಂದರು. ಆಟೋದಲ್ಲಿ ಹೋಗಿ ಕರೆತಂದು ಗಂಜಿ ಕುಡಿಸಿದ್ದರು. ಹಾಗೆ ಹೇಳುವವರು ಇಲ್ಲದ ಬಡಾವಣೆಯಲ್ಲಿ "ಗಟ್ಟಿಯಾಗಿರು" ಅನ್ನುವುದು ಬಾಯಿ ಮಾತು.

ಆದ್ದರಿಂದಲೇ ಮಗು ನೋಡಿಕೊಳ್ಳುವ ಜಾಗಗಳು ದೊಡ್ಡ ವಿಷಯ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಹೇಳಿತು. 26 ವಾರದ ಹೆರಿಗೆ ರಜೆಯೂ ಅದರಲ್ಲೇ ಬಂದದ್ದು. ಹಳ್ಳಿಗಳಲ್ಲಿ ಪಂಚಾಯಿತಿಯ 'ಕೂಸಿನ ಮನೆ' ಇದೆಯಾ ಅಂತ ವಿಚಾರಿಸಿ. ಕೇಳುವವರಿದ್ದರೆ ಬಾಗಿಲು ತೆಗೆದಿರುತ್ತದೆ.

ಇನ್ನು ಚೇತರಿಕೆಯ ವಿಷಯ. ಜರ್ಮನಿಯ ಸಂಶೋಧಕಿ ಸಬೀನ್ ಸೊನೆನ್‌ಟಾಗ್ ಮತ್ತು ಷಾರ್ಲೊಟ್ ಫ್ರಿಟ್ಜ್ 2007ರಲ್ಲಿ ದಣಿವು ಇಳಿಸುವ ನಾಲ್ಕು ಬಗೆ ಗುರುತಿಸಿದರು: ಕೆಲಸವನ್ನು ತಲೆಯಿಂದ ಇಳಿಸುವುದು, ಸುಮ್ನೆ ಆರಾಮಾಗಿರುವುದು, ಹೊಸದೇನೋ ಕಲಿತು ಖುಷಿಪಡುವುದು, ಬಿಡುವಿನ ಹೊತ್ತು ನಮ್ಮಿಷ್ಟದ ಹಾಗೆ ಇರುವುದು. ಮೊದಲನೆಯದೇ ಕಷ್ಟದ್ದು. ಸೊನೆನ್‌ಟಾಗ್ ಒಂದು ವಿಚಿತ್ರ ಗಮನಿಸಿದ್ದಾರೆ. ಯಾರಿಗೆ ಚೇತರಿಕೆ ಅತಿ ಜಾಸ್ತಿ ಬೇಕೋ ಅವರಿಂದಲೇ ಅದು ಆಗುವುದಿಲ್ಲ. ದಣಿದ ದಿನವೇ ವಾಕಿಂಗ್ ತಪ್ಪುತ್ತದೆ, ಮೊಬೈಲ್ ಹಿಡಿದು ಹನ್ನೊಂದೂವರೆ ಆಗುತ್ತದೆ.

ನನ್ನ ಮಟ್ಟಿಗೆ ಕೆಲಸ ಮಾಡಿದ್ದು ಬಸ್ಸು. ವಾಪಸ್ ಬರುವಾಗ ಹೆಬ್ಬಾಳ ಬರುವ ತನಕ ಆಫೀಸಿನ ಮೆಸೇಜುಗಳಿಗೆ ಉತ್ತರ, ನಾಳೆ ಏನು ಮಾಡಬೇಕು ಅಂತ ಒಂದು ಚೀಟಿ. ಅಲ್ಲಿಂದಾಚೆ ಫೋನ್ ಬ್ಯಾಗಿಗೆ. ನಂದಿ ಬೆಟ್ಟ ಕಾಣುವವರೆಗೆ ಕಿಟಕಿ. ಚೀಟಿ ಸುಮ್ಮನೆ ಅಲ್ಲ. 2018ರಲ್ಲಿ ಅಮೆರಿಕದ ಒಂದು ಚಿಕ್ಕ ಪ್ರಯೋಗದಲ್ಲಿ, ಮಲಗುವ ಮೊದಲು ಐದು ನಿಮಿಷ ನಾಳೆಯ ಕೆಲಸ ಬರೆದವರು, ಮುಗಿಸಿದ ಕೆಲಸ ಬರೆದವರಿಗಿಂತ ಸುಮಾರು 9 ನಿಮಿಷ ಮೊದಲು ನಿದ್ದೆ ಹೋದರು. ಬರೆದಿಟ್ಟದ್ದನ್ನು ತಲೆ ಕೆಳಗಿಡುತ್ತದೆ, ಅಷ್ಟೇ.

ಇದು ಎಲ್ಲಕ್ಕೂ ಸಾಲುವುದಿಲ್ಲ. ಎರಡು ವಾರ ಮೀರಿ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಕಾರಣವಿಲ್ಲದೆ ಅಳು ಬರುತ್ತದೆ, ಬದುಕೇ ಬೇಡ ಅನ್ನಿಸುತ್ತದೆ ಅಂದರೆ ಅದು ಟೆನ್ಶನ್ ದಾಟಿದ ವಿಷಯ. ಟೆಲಿ ಮಾನಸ್ ಸಹಾಯವಾಣಿ 14416, ಯಾವ ಹೊತ್ತಿಗಾದರೂ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 'ಮನೋಚೈತನ್ಯ' ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಟಿದೆ. ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಅಂತ ಕೇಳಿಕೊಂಡು ಹೋಗಿ.

ನಮ್ಮ ಮನೆಯಲ್ಲಿ ಈಗ ಬುಧವಾರ ಪೂರ್ತಿ ನಮ್ಮನೆಯವರದು. ತಿಂಡಿ ಏನು, ರಾಗಿ ಮಿಲ್ಲಿಗೆ ಯಾವಾಗ, ಮಗಳ ಯೂನಿಫಾರಂ ಒಣಗಿದೆಯಾ, ಎಲ್ಲ ಅವರ ತಲೆಯಲ್ಲಿ. ನನ್ನನ್ನು ಏನೂ ಕೇಳುವ ಹಾಗಿಲ್ಲ. ಮೊದಲ ಬುಧವಾರ ಮಗಳು ಒದ್ದೆ ಸಾಕ್ಸ್ ಹಾಕಿಕೊಂಡು ಹೋದಳು. ನಾನು ಬಾಯಿ ಬಿಗಿಹಿಡಿದು ಕೂತಿದ್ದೆ. ಇದನ್ನು ಫೋನಿನಲ್ಲಿ ಅತ್ತಿಗೆಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನ್ ಕಿವಿಯಿಂದ ತೆಗೆಯದೇ ಒಳಗೆ ಕೂಗಿದ್ದು ಕೇಳಿಸಿತು: "ರೀ, ಇವತ್ತು ರಾತ್ರಿ ಸೊಪ್ಪು ನೀವೇ ಹಾಕಿ. ನಾನು ಜ್ವರಕ್ಕೆ ಕೂತಿದ್ದೀನಿ."